ಪೈಲಟ್ ಆಗುವ ಆಸೆಯೇ? ಕೋಚಿಂಗ್‌ಗೆ ಮುಂಚೆ ಟೇಪು ಹಿಡಿಯಿರಿ

ಯಲಹಂಕದಲ್ಲಿ ಏರೋ ಇಂಡಿಯಾ ನೋಡಿ ಬಂದ ಮಗನೋ ಮಗಳೋ ‘ನಾನೂ ಫೈಟರ್ ಪೈಲಟ್ ಆಗ್ತೀನಿ’ ಅಂದರೆ ಅಪ್ಪ-ಅಮ್ಮ ಮೊದಲು ವಿಚಾರಿಸುವುದು ಕೋಚಿಂಗ್ ಸೆಂಟರ್ ಫೀಸನ್ನು. ನನ್ನ ಪ್ರಕಾರ ಇದು ಉಲ್ಟಾ. ಮೊದಲು ಬೇಕಾಗಿರುವುದು ಟೈಲರ್ ಅಂಗಡಿಯ ಅಳತೆ ಟೇಪು ಮತ್ತು ಒಂದು ಖಾಲಿ ಗೋಡೆ.

ಯಾಕೆ ಅಂತೀರಾ? ವಾಯುಪಡೆಯ ಆಯ್ಕೆಯಲ್ಲಿ ಮೊದಲು ಬರುವುದು ಲಿಖಿತ ಪರೀಕ್ಷೆ: ಪಿಯುಸಿಯವರಿಗೆ ಎನ್‌ಡಿಎ, ಡಿಗ್ರಿಯವರಿಗೆ ಆಫ್‌ಕ್ಯಾಟ್. ಆಮೇಲೆ ಮೈಸೂರಿನಂಥ ಕಡೆ ಐದಾರು ದಿನದ ಎಸ್‌ಎಸ್‌ಬಿ, ಅಂದರೆ ಅಧಿಕಾರಿಯಾಗಲು ತಕ್ಕವರೇ ಎಂದು ನೋಡುವ ಸಂದರ್ಶನ, ಪರೀಕ್ಷೆಗಳು. ಅದರ ಜೊತೆಗೆ ಪೈಲಟ್ ಆಗುವ ಕೈಚಳಕ ಇದೆಯೇ ಎಂದು ನೋಡುವ ಕಂಪ್ಯೂಟರ್ ಪರೀಕ್ಷೆ. ಇದಕ್ಕೆ ಜೀವನದಲ್ಲಿ ಒಂದೇ ಅವಕಾಶ. ಮೆಡಿಕಲ್ ಬರುವುದು ಇದೆಲ್ಲ ಮುಗಿದ ಮೇಲೆ. ಎರಡು ವರ್ಷ ಓದಿ, ಎಸ್‌ಎಸ್‌ಬಿಯಲ್ಲಿ ‘ರೆಕಮೆಂಡೆಡ್’ ಆಗಿ, ಕೊನೆಗೆ ತೊಡೆ ಉದ್ದ ಜಾಸ್ತಿ ಎಂದು ವಾಪಸ್ ಬರುವವರು ಇದ್ದಾರೆ. ಆ ತೊಡೆಯನ್ನು ಮೊದಲೇ ಮನೆಯಲ್ಲಿ ಅಳೆಯಬಹುದಿತ್ತು, ಅಲ್ವಾ?

ದೇಶದಲ್ಲಿ ಪೈಲಟ್ ಅಭ್ಯರ್ಥಿಗಳ ಮೆಡಿಕಲ್ ನಡೆಯುವ ಎರಡು ಮುಖ್ಯ ಜಾಗಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲೇ ಇದೆ. ಅದು ಹಳೇ ಏರ್‌ಪೋರ್ಟ್ ರಸ್ತೆಯ ವಿಮಾನಪುರದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್. ಎಲ್ಲರೂ ಕರೆಯುವುದು ಐಎಎಂ ಎಂದು. ಇನ್ನೊಂದು ದೆಹಲಿಯಲ್ಲಿದೆ. ಐಎಎಂ ಶುರುವಾದದ್ದು 1957ರಲ್ಲಿ. ಗಗನಯಾನಕ್ಕೆ ಟೆಸ್ಟ್ ಪೈಲಟ್‌ಗಳನ್ನು ಆರಿಸುವ ಮೊದಲ ಹಂತದ ಪರೀಕ್ಷೆ 2019ರಲ್ಲಿ ಆದದ್ದೂ ಇಲ್ಲೇ. 335ಇ ಬಸ್ಸಿನಲ್ಲಿ ದಿನಾ ಇದರ ಹತ್ತಿರವೇ ಹಾದುಹೋಗುವ ಎಷ್ಟೋ ಜನರಿಗೆ ಇದರ ಹೆಸರೂ ಗೊತ್ತಿಲ್ಲ.

ಹೆಜ್ಜೆ 1: ಗೋಡೆಗೆ ಬೆನ್ನು ಕೊಟ್ಟು ಕೂರಿ

ಬರಿಗಾಲಲ್ಲಿ ನಿಂತಾಗ ಎತ್ತರ ಕನಿಷ್ಠ 162.5 ಸೆಂ.ಮೀ. ಇರಬೇಕು. ಇದು ಎಲ್ಲರಿಗೂ ಗೊತ್ತಿರುವ ಅಳತೆ. ಜನ ಎಡವುವುದು ಉಳಿದ ಮೂರರಲ್ಲಿ.

ನೆಲದ ಮೇಲೆ ಕೂತು ಬೆನ್ನು, ಸೊಂಟ ಗೋಡೆಗೆ ತಾಗಿಸಿ ಕಾಲು ನೀಟಾಗಿ ಚಾಚಿ. ಗೋಡೆಯಿಂದ ಹಿಮ್ಮಡಿವರೆಗಿನ ಅಳತೆ ಕಾಲಿನ ಉದ್ದ. ಅದು 99ರಿಂದ 120 ಸೆಂ.ಮೀ. ಒಳಗಿರಬೇಕು. ಈಗ ಸ್ಟೂಲ್ ಮೇಲೆ ಹಾಗೇ ಗೋಡೆಗೆ ಒರಗಿ, ಮಂಡಿ ಮಡಚಿ ಕೂರಿ. ಗೋಡೆಯಿಂದ ಮಂಡಿಯ ಮುಂಭಾಗಕ್ಕೆ ಇರುವುದು ತೊಡೆಯ ಉದ್ದ. 64 ಸೆಂ.ಮೀ. ದಾಟಬಾರದು. ಕೂತಲ್ಲಿಂದ ನೆತ್ತಿಯವರೆಗಿನ ಎತ್ತರ 81.5ರಿಂದ 96 ಸೆಂ.ಮೀ.

ಈ ಅಂಕಿಗಳು ಸುಮ್ನೆ ಇಟ್ಟದ್ದಲ್ಲ. ಕಾಲು ಗಿಡ್ಡವಾದರೆ ವಿಮಾನದ ಮೂತಿ ಎಡ-ಬಲ ತಿರುಗಿಸುವ ರಡ್ಡರ್ ಪೆಡಲ್ ಪೂರ್ತಿ ಒತ್ತಲು ಆಗುವುದಿಲ್ಲ. ಕೂತ ಎತ್ತರ ಜಾಸ್ತಿಯಾದರೆ ಹೆಲ್ಮೆಟ್ ಗಾಜಿನ ಮೇಲ್ಛಾವಣಿಗೆ ತಾಗುತ್ತದೆ. ತೊಡೆ ಉದ್ದವಾದರೆ ಆಗುವುದು ಇನ್ನೂ ಘೋರ. ತುರ್ತಿನಲ್ಲಿ ಸೀಟು ಸಿಡಿದು ಮೇಲಕ್ಕೆ ಹೋಗುವಾಗ ಮಂಡಿ ಮುಂದಿನ ಪ್ಯಾನೆಲ್‌ಗೆ ಬಡಿಯಬಹುದು. ಹಾಗಾಗಿ ಇಲ್ಲಿ ‘ಅರ್ಧ ಸೆಂಟಿಮೀಟರ್ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್’ ನಡೆಯುವುದಿಲ್ಲ.

ಅಳೆಯುವಾಗಲೇ ಇನ್ನೊಂದು ನೋಡಿಬಿಡಿ. ನೇರ ನಿಂತು ಮಂಡಿ ಕೂಡಿಸಿದಾಗ ಹುಡುಗರಿಗೆ ಎರಡು ಕಣಕಾಲುಗಳ ನಡುವೆ 5 ಸೆಂ.ಮೀ.ಗಿಂತ ಜಾಸ್ತಿ ಸಂದು ಇದ್ದರೆ ‘ನಾಕ್ ನೀ’ ಎಂದು ತೆಗೆದುಹಾಕುತ್ತಾರೆ.

ಹದಿನೈದು ವರ್ಷದ ಹುಡುಗ ಇನ್ನೂ ಬೆಳೆಯುತ್ತಾನೆ. ಅವನ ಎತ್ತರ ಕಡಿಮೆ ಇದೆ ಎಂದು ಈಗಲೇ ಕೈಬಿಡಬೇಡಿ. ಈಗಾಗಲೇ 64 ಮುಟ್ಟಿರುವ ತೊಡೆ ಮಾತ್ರ ಕಡಿಮೆ ಆಗುವುದಿಲ್ಲ.

ಹೆಜ್ಜೆ 2: ಕಣ್ಣಿಗೆ ಎರಡು ಪರೀಕ್ಷೆ, ಒಂದಲ್ಲ

ಫ್ಲೈಯಿಂಗ್ ಬ್ರಾಂಚಿಗೆ ಒಂದು ಕಣ್ಣು 6/6, ಇನ್ನೊಂದು 6/9 ಇರಬೇಕು. ಆ 6/9 ಕಣ್ಣು ಪ್ಲಸ್ ಪವರ್‌ನಿಂದ 6/6ಕ್ಕೆ ಬರುವಂತಿರಬೇಕು. ಮೈನಸ್ ಪವರ್ ಇರಲೇಬಾರದು. ಫೋನ್ ನೋಡಿ ನೋಡಿ ಹೈಸ್ಕೂಲಿನಲ್ಲೇ ಮೈನಸ್ ಕನ್ನಡಕ ಹಾಕುವ ನಮ್ಮ ಮಕ್ಕಳಿಗೆ ಇದೇ ದೊಡ್ಡ ಗೋಡೆ. ದಿನಾ ಸ್ವಲ್ಪ ಹೊತ್ತು ಬಿಸಿಲು, ಬಯಲಿನಲ್ಲಿ ಆಡುವ ಮಕ್ಕಳಿಗೆ ಮೈನಸ್ ಬರುವ ಸಾಧ್ಯತೆ ಕಡಿಮೆ ಎನ್ನುತ್ತಾರೆ ಕಣ್ಣಿನ ಡಾಕ್ಟರುಗಳು. ಟ್ಯೂಷನ್ ಒಂದು ತಾಸು ಕಡಿಮೆಯಾದರೂ ಪರವಾಗಿಲ್ಲ, ಮೈದಾನಕ್ಕೆ ಕಳಿಸಿ.

ಎರಡನೆಯದು ಬಣ್ಣ. ಕತ್ತಲ ಕೋಣೆಯಲ್ಲಿ ಲ್ಯಾಂಟರ್ನ್ ಇಟ್ಟು ಚಿಕ್ಕ ಚಿಕ್ಕ ಕೆಂಪು, ಹಸಿರು, ಬಿಳಿ ಚುಕ್ಕಿ ತೋರಿಸಿ ಬಣ್ಣ ಹೇಳಿಸುತ್ತಾರೆ. ಇಲ್ಲಿ ಸಿಪಿ-1, ಅಂದರೆ ಅತ್ಯುತ್ತಮ ದರ್ಜೆ ಬೇಕು. ಬಣ್ಣಗುರುಡು ಹುಟ್ಟಿನಿಂದ ಬರುವಂಥದ್ದು, ಗಂಡುಮಕ್ಕಳಲ್ಲಿ ಜಾಸ್ತಿ, ಔಷಧ ಇಲ್ಲ. ಎಷ್ಟೋ ಜನರಿಗೆ ತಮಗೆ ಇದು ಇದೆ ಎಂದೇ ಗೊತ್ತಿರುವುದಿಲ್ಲ. ಕೆ.ಆರ್. ಮಾರ್ಕೆಟ್ ಹತ್ತಿರದ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆಗೆ ಹೋದರೆ ಎರಡನ್ನೂ ಕಡಿಮೆ ಖರ್ಚಿನಲ್ಲಿ ನೋಡಿಸಬಹುದು. ‘ಪವರ್ ಚೆಕ್ ಮಾಡಿ’ ಎಂದಷ್ಟೇ ಹೇಳಿದರೆ ಬಣ್ಣ ನೋಡದೆ ಕಳಿಸಿಬಿಡಬಹುದು. ಬಾಯಿಬಿಟ್ಟು ಕೇಳಿ.

ಪವರ್ ತೆಗೆಯುವ ಲೇಸರ್ ಆಪರೇಷನ್ ಲ್ಯಾಸಿಕ್ ಮಾಡಿಸಿದರೆ ಆಯ್ತಲ್ಲ ಎನ್ನುವವರಿಗೆ ಒಂದು ಮಾತು. ಅದಕ್ಕೆ ಷರತ್ತುಗಳಿವೆ: 20 ವರ್ಷ ತುಂಬುವ ಮುಂಚೆ ಮಾಡಿಸಿಕೊಂಡಿರಬಾರದು, ಮಾಡಿಸಿ ಕನಿಷ್ಠ 12 ತಿಂಗಳು ಆಗಿರಬೇಕು, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸಾಕಷ್ಟು ದಪ್ಪ ಉಳಿದಿರಬೇಕು. ಎನ್‌ಡಿಎ ವಯಸ್ಸು ಹತ್ತೊಂಬತ್ತೂವರೆಗೇ ಮುಗಿಯುತ್ತದೆ, ಆ ಮಕ್ಕಳಿಗೆ ಈ ದಾರಿ ಇಲ್ಲ. ಆಫ್‌ಕ್ಯಾಟ್ ಬರೆಯುವವರು ಆ ವರ್ಷದ ನೋಟಿಫಿಕೇಷನ್‌ನಲ್ಲಿ ತಮ್ಮ ಬ್ರಾಂಚಿಗೆ ಏನು ಬರೆದಿದೆ ಎಂದು ಓದಿದ ಮೇಲೇ ಆಪರೇಷನ್ ಯೋಚನೆ ಮಾಡಲಿ.

ಹೆಜ್ಜೆ 3: ಬೆನ್ನಿನ ಎಕ್ಸ್-ರೇ

ಅಭ್ಯರ್ಥಿಗಳಿಗೆ ತೀರಾ ಶಾಕ್ ಕೊಡುವುದು ಇದು. ದಿನಾ ಕ್ರಿಕೆಟ್ ಆಡುವ, ಒಂದು ದಿನವೂ ಬೆನ್ನು ನೋವು ಅನ್ನದ ಹುಡುಗ ಎಕ್ಸ್-ರೇಯಲ್ಲಿ ಅನ್‌ಫಿಟ್ ಆಗುತ್ತಾನೆ. ಕಾರಣ ಹುಟ್ಟಿನಿಂದ ಬಂದ ಸಣ್ಣ ವ್ಯತ್ಯಾಸ. ಉದಾಹರಣೆಗೆ, ಸೊಂಟದ ಕೊನೆಯ ಮೂಳೆ ಅದರ ಕೆಳಗಿನ ಸೇಕ್ರಮ್‌ಗೆ ಒಂದೇ ಪಕ್ಕದಲ್ಲಿ ಅಂಟಿಕೊಂಡಿರುತ್ತದೆ. ಸಾಮಾನ್ಯ ಬದುಕಿಗೆ ಇದರಿಂದ ಏನೂ ತೊಂದರೆ ಇಲ್ಲ. ಬೇರೆ ಯಾವ ಡಾಕ್ಟರ್ ಹತ್ತಿರ ಹೋದರೂ ‘ನಾರ್ಮಲ್, ಹೋಗಪ್ಪ’ ಎನ್ನುತ್ತಾರೆ. ಅದಕ್ಕೇ ಮನೆಯವರಿಗೆ ಇದು ಅನ್ಯಾಯ ಅನ್ನಿಸುತ್ತದೆ.

ಆದರೆ ಇಜೆಕ್ಷನ್ ಸೀಟ್ ಏನು ಮಾಡುತ್ತದೆ ನೋಡಿ. ನಮ್ಮ ತೇಜಸ್ ಫೈಟರ್ ವಿಮಾನದಲ್ಲಿರುವ ಮಾರ್ಟಿನ್-ಬೇಕರ್ ಸೀಟಿನಂಥದ್ದು ಪೈಲಟ್‌ನನ್ನು ಸೆಕೆಂಡಿನ ಒಂದು ಭಾಗದಲ್ಲಿ ವಿಮಾನದಿಂದ ಹೊರಗೆ ಎಸೆಯುತ್ತದೆ. ಆ ಕ್ಷಣ ಬೆನ್ನೆಲುಬಿನ ಮೇಲೆ ಹತ್ತು ಹದಿನೈದು ಜಿ ದಾಟುವ ಒತ್ತಡ ಬೀಳಬಹುದು. ಅಂದರೆ ಮೈತೂಕ ಅಷ್ಟು ಪಟ್ಟು ಆದ ಹಾಗೆ. ಬೆನ್ನೆಲುಬು ನೆಟ್ಟಗೆ, ಎರಡೂ ಪಕ್ಕ ಸಮ ಇದ್ದರೆ ಭಾರ ಹಂಚಿಹೋಗುತ್ತದೆ. ಓರೆ ಇದ್ದರೆ ಒಂದೇ ಜಾಗ ಎಲ್ಲ ಹೊರಬೇಕು. ಆರೋಗ್ಯವಂತ ಪೈಲಟ್‌ಗಳಲ್ಲೂ ಇಜೆಕ್ಷನ್ ಆದಾಗ ಮೂಳೆ ಜಜ್ಜಿಹೋಗುವುದುಂಟು. ಎದೆಯ ಬೆನ್ನೆಲುಬು ಮುಗಿದು ಸೊಂಟದ್ದು ಶುರುವಾಗುವ ಟಿ12, ಎಲ್1 ಜಾಗ ಅದಕ್ಕೆ ಹೆಸರುವಾಸಿ. ಹಾಗಾಗಿ ‘ರೋಗ ಇದೆಯಾ’ ಎಂದು ಮೆಡಿಕಲ್ ಬೋರ್ಡ್, ಅಂದರೆ ಪರೀಕ್ಷೆ ಮಾಡುವ ಡಾಕ್ಟರುಗಳ ತಂಡ, ನೋಡುತ್ತಿಲ್ಲ. ‘ಜೀವ ಉಳಿಸುವ ಸೀಟೇ ಇವನ ಬೆನ್ನು ಮುರಿಯುತ್ತದಾ’ ಎಂದು ನೋಡುತ್ತಿದೆ.

ಮುಂಚೆಯೇ ಎಕ್ಸ್-ರೇ ತೆಗೆಸಬೇಕೇ? ಹೈಸ್ಕೂಲ್ ಮಕ್ಕಳಿಗೆ ಬೇಡ, ವಿನಾಕಾರಣ ರೇಡಿಯೇಷನ್ ಯಾಕೆ? ಕೆಲಸ ಬಿಟ್ಟು ಪೂರ್ತಿ ತಯಾರಿಗೆ ಇಳಿಯುವ ಡಿಗ್ರಿ ಹುಡುಗರು ಒಮ್ಮೆ ಮೂಳೆ ಡಾಕ್ಟರ ಹತ್ತಿರ ಹೋಗಿ, ವಿಷಯ ಹೇಳಿ, ಅವರು ಸರಿ ಅಂದರೆ ತೆಗೆಸುವುದು ಒಳ್ಳೆಯದು.

ಹೆಜ್ಜೆ 4: ಸರಿಮಾಡಬಹುದಾದದ್ದನ್ನು ಸರಿಮಾಡಿ

ಇವು ಸಣ್ಣವು, ಆದರೆ ಟೆಂಪರರಿ ಅನ್‌ಫಿಟ್ ಆಗುವುದು ಜಾಸ್ತಿ ಇವುಗಳಿಂದಲೇ. ಕಿವಿಯ ಗುಗ್ಗೆಯನ್ನು ಇಎನ್‌ಟಿ ಹತ್ತಿರ ಒಂದು ವಾರ ಮೊದಲೇ ತೆಗೆಸಿ, ಬಡ್ಸ್ ಹಾಕಿ ನೀವೇ ಕೆರೆಯಬೇಡಿ. ಕಿವಿ ಎಷ್ಟು ಕೇಳುತ್ತದೆ ಎಂದು ನೋಡುವ ಆಡಿಯೋಮೆಟ್ರಿಯಲ್ಲಿ 250ರಿಂದ 8000 ಹರ್ಟ್ಜ್‌ವರೆಗೆ ನಷ್ಟ 20 ಡೆಸಿಬೆಲ್ ಮೀರಬಾರದು. ಹೆಡ್‌ಫೋನ್ ಸೌಂಡ್ ಇಳಿಸಿ. ಹಲ್ಲಿಗೆ 22ಕ್ಕೆ ಕನಿಷ್ಠ 14 ಪಾಯಿಂಟ್ ಬೇಕು. ಹುಳುಕನ್ನು ತುಂಬಿಸಿಕೊಳ್ಳಿ, ಯಾಕೆಂದರೆ ಮೇಲೆ ಹೋದಾಗ ಹಲ್ಲಿನ ಒಳಗೆ ಸಿಕ್ಕಿದ ಗಾಳಿ ಹಿಗ್ಗಿ ಜೀವ ಹೋಗುವಂಥ ನೋವು ಬರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಕಿಡ್ನಿ ಕಲ್ಲು, ಪಿತ್ತಕೋಶದ ಕಲ್ಲು ಕಂಡರೆ ಕಷ್ಟ. ತೂಕ ಜಾಸ್ತಿ ಇದ್ದರೆ ಆರು ತಿಂಗಳು ಮುಂಚೆಯೇ ನಿಧಾನವಾಗಿ ಇಳಿಸಿ.

ಹೆಜ್ಜೆ 5: ‘ಜಿ’ ಅಂದರೇನು ತಿಳಿದುಕೊಳ್ಳಿ

ಒಂದು ಜಿ ಅಂದರೆ ನಮ್ಮ ಮಾಮೂಲಿ ಮೈತೂಕ, ಐದು ಜಿ ಅಂದರೆ ಅದರ ಐದು ಪಟ್ಟು. ಇದನ್ನು ತಾಳುವ ಶಕ್ತಿಯನ್ನು ಮನೆಯಲ್ಲಿ ಪರೀಕ್ಷೆ ಮಾಡಲು ಆಗುವುದಿಲ್ಲ. ಆದರೆ ಬೋರ್ಡ್ ಕೇಳುವ ಎಷ್ಟೋ ಪ್ರಶ್ನೆ ಬರುವುದು ಇಲ್ಲಿಂದ.

ವಿಮಾನ ವೇಗದಲ್ಲಿ ಕಡಿದಾಗಿ ತಿರುಗಿದಾಗ ರಕ್ತ ತಲೆಯಿಂದ ಕಾಲಿನ ಕಡೆಗೆ ಜಾರುತ್ತದೆ. ಮೊದಲು ಸೋಲುವುದು ಕಣ್ಣು. ಅಕ್ಕಪಕ್ಕದ ನೋಟ ಹೋಗಿ ಸುರಂಗದಲ್ಲಿ ನೋಡಿದಂತೆ ಆಗುತ್ತದೆ, ಬಣ್ಣ ಮಾಸುತ್ತದೆ, ಆಮೇಲೆ ಪೂರ್ತಿ ಕತ್ತಲು. ಅದೂ ದಾಟಿದರೆ ಪ್ರಜ್ಞೆ ತಪ್ಪುತ್ತದೆ. ಇದಕ್ಕೆ ಪೈಲಟ್‌ಗಳು ಹೇಳುವುದು ಜಿ-ಲಾಕ್ ಎಂದು. ಸುಮ್ನೆ ಕೂತ ಮನುಷ್ಯನಿಗೆ 4–5 ಜಿಗೇ ಇದು ಆಗಬಹುದು. ಫೈಟರ್ ವಿಮಾನ 8–9 ಜಿ ಎಳೆಯುತ್ತದೆ. ಪ್ರಜ್ಞೆ ತಪ್ಪಿದರೆ ವಾಪಸ್ ಬರಲು ಹನ್ನೆರಡು ಸೆಕೆಂಡಾದರೂ ಬೇಕು, ಆಮೇಲೂ ಸ್ವಲ್ಪ ಹೊತ್ತು ಗೊಂದಲ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಹನ್ನೆರಡು ಸೆಕೆಂಡಿಗೆ ವಿಮಾನ 3 ಕಿ.ಮೀ. ಹೋಗಿರುತ್ತದೆ.

ಕಾಲು, ಹೊಟ್ಟೆ ಬಿಗಿಹಿಡಿಯುವ ಜಿ-ಸೂಟ್ ಒಂದೂವರೆ ಜಿಯಷ್ಟು ಸಹಾಯ ಮಾಡುತ್ತದೆ. ಉಳಿದದ್ದು ಪೈಲಟ್ ತನ್ನ ಮೈಯಿಂದಲೇ ಗಳಿಸಬೇಕು: ತೊಡೆ, ಹೊಟ್ಟೆ ಬಿಗಿದು, ಉಸಿರು ಕಟ್ಟಿ, ಮೂರು ಸೆಕೆಂಡಿಗೊಮ್ಮೆ ಗಬಕ್ಕನೆ ಉಸಿರು ಬದಲಿಸುವ ಕಸರತ್ತು. ಐಎಎಂನಲ್ಲಿ ಉದ್ದ ತೋಳಿನ ತುದಿಯಲ್ಲಿ ಕೂರಿಸಿ ಗಿರ್ರನೆ ತಿರುಗಿಸುವ ಸೆಂಟ್ರಿಫ್ಯೂಜ್ ಇದೆ, ಈ ಕಸರತ್ತು ಕಲಿಯುವುದು ಅದರಲ್ಲಿ. ನೀರು ಕಡಿಮೆ ಕುಡಿದರೆ, ತಿಂಡಿ ಬಿಟ್ಟರೆ, ರಾತ್ರಿ ನಿದ್ದೆಗೆಟ್ಟರೆ ಅದೇ ಪೈಲಟ್‌ನ ತಾಳಿಕೆ ಕಡಿಮೆಯಾಗುತ್ತದೆ. ಬೈಸೆಪ್ಸ್ ಬೆಳೆಸುವ ಜಿಮ್ ಹುಡುಗರು ಕೇಳಿಸಿಕೊಳ್ಳಲಿ, ಇಲ್ಲಿ ಕೆಲಸಕ್ಕೆ ಬರುವುದು ತೊಡೆ ಮತ್ತು ಹೊಟ್ಟೆಯ ಸ್ನಾಯು.

ಆಮ್ಲಜನಕದ ಕತೆ ಬೇರೆ. 25,000 ಅಡಿಯಲ್ಲಿ ಮಾಸ್ಕ್ ಇಲ್ಲದಿದ್ದರೆ ಬುದ್ಧಿ ನೆಟ್ಟಗಿರುವುದು ಮೂರರಿಂದ ಐದು ನಿಮಿಷ. ತಮಾಷೆ ಎಂದರೆ ಆಗ ಭಯವಾಗುವುದಿಲ್ಲ, ಖುಷಿಯಾಗಬಹುದು! ಅದಕ್ಕೇ ಪೈಲಟ್‌ಗಳನ್ನು ಗಾಳಿ ತೆಗೆದ ಚೇಂಬರ್‌ನಲ್ಲಿ ಕೂರಿಸಿ, ಕೈಬರಹ ಕೆಡುವುದನ್ನು ಅವರಿಗೇ ತೋರಿಸುತ್ತಾರೆ. ತೇಜಸ್‌ಗೆ ವಿಮಾನದಲ್ಲೇ ಆಮ್ಲಜನಕ ತಯಾರಿಸುವ ವ್ಯವಸ್ಥೆ ಮಾಡಿದ್ದು ನಮ್ಮ ಸಿ.ವಿ. ರಾಮನ್ ನಗರದಲ್ಲಿರುವ ಡಿಆರ್‌ಡಿಒದ ಡೆಬೆಲ್ ಪ್ರಯೋಗಾಲಯ. 2025ರ ಮಾರ್ಚ್‌ನಲ್ಲಿ ಅದನ್ನು 50,000 ಅಡಿವರೆಗೆ ಪರೀಕ್ಷಿಸಿದರು.

ಹೆಜ್ಜೆ 6: ಬೋರ್ಡ್ ವಾರ

ಎರಡು ದಿನ ಮೊದಲು ಜಿಮ್ ನಿಲ್ಲಿಸಿ. ಭಾರೀ ಕಸರತ್ತು ಮಾಡಿದ ಮರುದಿನ ಮೂತ್ರದಲ್ಲಿ ಪ್ರೋಟೀನ್ ಕಾಣಿಸಬಹುದು, ರಕ್ತದ ವರದಿಯೂ ಏರುಪೇರಾಗುತ್ತದೆ. ಬೆಳಗ್ಗೆ ಫಿಲ್ಟರ್ ಕಾಫಿ ಬೇಡ. ಬೆಂಗಳೂರಿನವರಿಗೆ ಇದು ದೊಡ್ಡ ತ್ಯಾಗ, ಗೊತ್ತು. ಆದರೆ ಗಾಬರಿಗೆ ಕಾಫಿ ಸೇರಿದರೆ ಬಿಪಿ 140/90 ಮುಟ್ಟಲು ತಡವಾಗುವುದಿಲ್ಲ. ಗಾಬರಿಯಿಂದ ಏರಿದ ಬಿಪಿಯನ್ನು ಅವರು ಮತ್ತೆ ನೋಡುತ್ತಾರೆ, ಹೆದರಬೇಡಿ.

ಫಾರಂನಲ್ಲಿ ಹಳೇ ಕಾಯಿಲೆ ಕೇಳುತ್ತಾರೆ. ಆಸ್ತಮಾ, ಫಿಟ್ಸ್, ತಲೆಗೆ ಪೆಟ್ಟು, ಮೂಳೆ ಮುರಿತ ಎಲ್ಲ ನಿಜ ಬರೆಯಿರಿ. ‘ಹೇಳಬೇಡ, ಯಾರಿಗೆ ಗೊತ್ತಾಗುತ್ತೆ’ ಎನ್ನುವ ಹಿತೈಷಿಗಳು ಎಲ್ಲ ಮನೆಯಲ್ಲೂ ಇರುತ್ತಾರೆ. ಫಿಟ್ಸ್ ಬಚ್ಚಿಟ್ಟು ಕಾಕ್‌ಪಿಟ್ ಸೇರಿದವನ ಜೊತೆ ಇನ್ನೊಬ್ಬರ ಜೀವವೂ ಇರುತ್ತದೆ ಎಂಬುದನ್ನು ಅವರು ಯೋಚಿಸಿರುವುದಿಲ್ಲ.

ಫಿಟ್ ಆದರೂ ಮೆಡಿಕಲ್ ಮುಗಿಯುವುದಿಲ್ಲ. ಪ್ರತಿ ವರ್ಷ ಇರುತ್ತದೆ. ಪೂರ್ತಿ ಫಿಟ್ ಆದವರ ಕೆಟಗರಿ ಎ1ಜಿ1. ಎ ಎಂದರೆ ಹಾರಾಟಕ್ಕೆ, ಜಿ ಎಂದರೆ ನೆಲದ ಕೆಲಸಕ್ಕೆ. ನೆಗಡಿ ಬಂದರೂ ಹಾರುವಂತಿಲ್ಲ, ಇಳಿಯುವಾಗ ಕಿವಿಯ ತಮಟೆ ಹರಿಯಬಹುದು. ಮೆಡಿಕಲ್ ಶಾಪ್‌ನಿಂದ ನೆಗಡಿ ಮಾತ್ರೆ ನುಂಗಿ ಹಾರುವುದಂತೂ ಇನ್ನೂ ತಪ್ಪು, ಅದು ನಿದ್ದೆ ತರಿಸುತ್ತದೆ. ಫೈಟರ್‌ನವರಿಗೆ ಕುತ್ತಿಗೆ ನೋವು ಕಾಯಂ ಗೆಳೆಯ. ತಲೆ, ಹೆಲ್ಮೆಟ್, ಮಾಸ್ಕ್ ಸೇರಿ 6–7 ಕೆ.ಜಿ. ಆದರೆ 8 ಜಿಯಲ್ಲಿ ಅದು ಸುಮಾರು 50 ಕೆ.ಜಿ. ಅಕ್ಕಿ ಮೂಟೆ ಹೊತ್ತು ಹಿಂದೆ ತಿರುಗಿ ನೋಡಿದ ಹಾಗೆ. ಹೆಲಿಕಾಪ್ಟರ್‌ನವರಿಗೆ ಅದುರುವ ಸೀಟಿನಿಂದ ಸೊಂಟ ನೋವು. ಕೆಲಸ ನಿಲ್ಲಿಸಿಬಿಡುತ್ತಾರೆ ಎಂಬ ಭಯಕ್ಕೆ ನೋವನ್ನು ಡಾಕ್ಟರಿಂದ ಮುಚ್ಚಿಡುವ ಚಾಳಿ ಎಲ್ಲ ದೇಶದ ಪೈಲಟ್‌ಗಳಲ್ಲೂ ಇದೆ. ಬೇಗ ಹೇಳಿದವರು ಬೇಗ ವಾಪಸ್ ಹಾರುತ್ತಾರೆ ಎಂಬುದು ಡಾಕ್ಟರುಗಳ ವಾದ, ನನಗೂ ಅದೇ ಸರಿ ಅನ್ನಿಸುತ್ತದೆ.

ಅನ್‌ಫಿಟ್ ಬಂದರೆ

ಮೊದಲು ಚೀಟಿ ಓದಿ. ಟೆಂಪರರಿಯೋ, ಪರ್ಮನೆಂಟೋ? ಯಾವ ಕಾರಣ? ಅಪೀಲ್ ಮೆಡಿಕಲ್ ಬೋರ್ಡ್‌ಗೆ ಹೋಗುವ ಹಕ್ಕು ನಿಮಗಿದೆ. ಅದರ ಗಡುವು ಮತ್ತು ಆಸ್ಪತ್ರೆ ಯಾವುದು ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ. ಊರಿಗೆ ಹೋಗಿ ಬೇಜಾರಿನಲ್ಲಿ ಒಂದು ವಾರ ಮಲಗಿದರೆ ಆ ದಿನಗಳು ವಾಪಸ್ ಬರುವುದಿಲ್ಲ. ಹೋಗುವ ಮುಂಚೆ ಸಂಬಂಧಪಟ್ಟ ಸ್ಪೆಷಲಿಸ್ಟ್‌ಗೆ ತೋರಿಸಿ. ಅಳತೆ, ಬಣ್ಣದ ವಿಷಯದಲ್ಲಿ ಫಲಿತಾಂಶ ಬದಲಾಗುವುದು ಅಪರೂಪ. ಬಿಪಿ, ತೂಕ, ಕಿವಿ ಇದ್ದರೆ ಧೈರ್ಯವಾಗಿ ಹೋಗಿ.

ಹಾರಲು ಅನ್‌ಫಿಟ್ ಎಂದರೆ ಕಾಯಿಲೆಯವರು ಎಂದಲ್ಲ. ಗ್ರೌಂಡ್ ಡ್ಯೂಟಿ ಬ್ರಾಂಚುಗಳಿಗೆ ಅಳತೆ, ಕಣ್ಣಿನ ನಿಯಮ ಸಡಿಲ. ಹಾರಲೇಬೇಕು ಎನ್ನುವವರಿಗೆ ಸಿವಿಲ್ ಪೈಲಟ್ ದಾರಿ ಇದೆ. ಅಲ್ಲಿ ಕನ್ನಡಕ ಹಾಕಿ 6/6 ಕಂಡರೂ ಒಪ್ಪುತ್ತಾರೆ. ಜಕ್ಕೂರಿನ ಸರ್ಕಾರಿ ಫ್ಲೈಯಿಂಗ್ ಸ್ಕೂಲಿಗೆ ವಿಚಾರಿಸಲು ಹೋಗುವಾಗಲೂ ಮೊದಲು ಮುಗಿಸಬೇಕಾದದ್ದು ನಾಗರಿಕ ವಿಮಾನಯಾನ ನಿಯಂತ್ರಿಸುವ ಡಿಜಿಸಿಎಯ ಮೆಡಿಕಲ್ಲೇ: ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1. ಫೀಸು ಕಟ್ಟುವುದು ಎರಡೂ ಕೈಗೆ ಬಂದ ಮೇಲೆ.