ಉತ್ತರ ಹೇಳಿಕೊಡದೆ ಮಕ್ಕಳಿಗೆ ಒಗಟು ಆಡಿಸುವುದು ಹೇಗೆ?

ಒಗಟಿನ ಪುಸ್ತಕ ಕೈಗಿಟ್ಟ ಮಾತ್ರಕ್ಕೆ ಮಗು ಯೋಚಿಸಲು ಕಲಿಯುವುದಿಲ್ಲ. ಒಂದೊಂದು ಆಟದೊಳಗೂ ಒಂದೊಂದು ಯೋಚನೆಯ ದಾರಿ ಇರುತ್ತದೆ. ಆಟ ಆರಿಸುವಾಗ ಅದು ಎಷ್ಟು ಕಷ್ಟ ಎನ್ನುವುದಕ್ಕಿಂತ ಯಾವ ದಾರಿ ತೋರಿಸುತ್ತದೆ ಎಂದು ನೋಡಿ. ಕೆಳಗಿನವಕ್ಕೆ ಕಾಗದ, ರಟ್ಟು, ಒಂದು ಹಿಡಿ ಕಡ್ಡಿ ಸಾಕು. ಆರೇಳು ವರ್ಷದಿಂದ ಆಡಿಸಬಹುದು. ಒಮ್ಮೆಗೆ 15–20 ನಿಮಿಷ, ಅದಕ್ಕಿಂತ ಎಳೆಯಬೇಡಿ.

ಅರ್ಧ ಮಾಡುತ್ತಾ ಹುಡುಕುವುದು

ಕಾಗದದ ಪಟ್ಟಿಯಲ್ಲಿ 16 ಮನೆ ಎಳೆದು 1ರಿಂದ 16 ಬರೆಯಿರಿ. ನೀವು ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೊಳ್ಳಿ. ಮಗು ಹೌದು, ಅಲ್ಲ ಎನ್ನಬಹುದಾದ ಪ್ರಶ್ನೆ ಮಾತ್ರ ಕೇಳಬೇಕು. ಹೆಚ್ಚಿನ ಮಕ್ಕಳು ಮೊದಲು ‘9ಆ?’ ‘13ಆ?’ ಎಂದೇ ಕೇಳುತ್ತಾರೆ. ‘ಅಲ್ಲ’ ಎಂದರೆ ಒಂದೇ ಮನೆ ಹೋಗುತ್ತದೆ. ‘8ಕ್ಕಿಂತ ದೊಡ್ಡದಾ?’ ಎಂದರೆ ಉತ್ತರ ಏನೇ ಬರಲಿ, ಎಂಟು ಮನೆ ಹೋಗುತ್ತವೆ. ಪ್ರತಿ ಉತ್ತರಕ್ಕೂ ಉಳಿದ ಭಾಗ ಮಾತ್ರ ಕಾಣುವಂತೆ ಪಟ್ಟಿಯನ್ನು ಮಡಚಿಸಿ. ನಾಲ್ಕು ಮಡಿಕೆಗೆ ಒಂದೇ ಮನೆ ಉಳಿಯುತ್ತದೆ. ಮಡಚದೆ ಬಾಯಲ್ಲೇ ಆಡಿದರೆ ಮಗು ಆಗಲೇ ಗೊತ್ತಾದದ್ದನ್ನೇ ಮತ್ತೆ ಕೇಳುತ್ತದೆ, ಏಕೆಂದರೆ ಹಿಂದಿನ ಉತ್ತರಗಳನ್ನೆಲ್ಲ ನೆನಪಿನಲ್ಲಿ ಹಿಡಿದಿಡುವುದು ಅದಕ್ಕೆ ಕಷ್ಟ. ಇದು ಕೈಗೆ ಹತ್ತಿದ ಮೇಲೆ 1ರಿಂದ 100ಕ್ಕೆ ಹೋಗಿ. ಏಳು ಪ್ರಶ್ನೆ ಸಾಕು.

ಹಿಂದಕ್ಕೆ ಹೋಗುವ ಧೈರ್ಯ

ಹುಲಿ, ಹಸು, ಹುಲ್ಲಿನ ಹೊರೆ ಹೊಳೆ ದಾಟಬೇಕು. ದೋಣಿಯಲ್ಲಿ ಅಂಬಿಗನ ಜೊತೆ ಒಂದಕ್ಕೇ ಜಾಗ. ಅಂಬಿಗ ಇಲ್ಲದಾಗ ಹುಲಿ ಹಸುವನ್ನು, ಹಸು ಹುಲ್ಲನ್ನು ತಿನ್ನುತ್ತದೆ. ಇದನ್ನು ಬಾಯಿಮಾತಿನಲ್ಲಿ ಕೇಳಬೇಡಿ. ನಾಲ್ಕು ಚೀಟಿಗಳಲ್ಲಿ ಚಿತ್ರ ಬರೆದು, ನೆಲದ ಮೇಲೆ ಎರಡು ಗೆರೆ ಎಳೆದು, ಸಾಗಿಸಲು ಬಿಡಿ. ಮೊದಲು ಹಸುವನ್ನೇ ಒಯ್ಯಬೇಕು ಎಂಬುದು ಬೇಗ ಹೊಳೆಯುತ್ತದೆ. ಬರಿಗೈಯಲ್ಲಿ ಮರಳಿ ಹುಲಿಯನ್ನು ಒಯ್ದ ಮೇಲೆ ಬಹುತೇಕ ಎಲ್ಲರೂ ಸಿಕ್ಕಿಬೀಳುತ್ತಾರೆ. ಅಲ್ಲಿ ಹಸುವನ್ನು ಈಚೆ ದಡಕ್ಕೆ ವಾಪಸ್ ತರಬೇಕು. ಒಮ್ಮೆ ದಾಟಿಸಿದ್ದನ್ನು ಮರಳಿ ತರುವುದು ಸೋಲು ಎಂದು ಮಗುವಿಗೆ ಅನ್ನಿಸುತ್ತದೆ, ಅದಕ್ಕೇ ಆ ನಡೆ ಕಣ್ಣಿಗೇ ಬೀಳುವುದಿಲ್ಲ. ಆಮೇಲೆ ಹುಲ್ಲು, ಬರಿಗೈ, ಕೊನೆಗೆ ಹಸು: ಒಟ್ಟು ಏಳು ಸಲ ದೋಣಿ ಹೊಳೆ ದಾಟುತ್ತದೆ.

ಆ ನಾಲ್ಕನೇ ನಡೆಯಲ್ಲಿ ನಿಮ್ಮ ಬಾಯಿ ಕಟ್ಟಿರಬೇಕು. ಎರಡು ನಿಮಿಷವಾದರೂ ಕಾಯಿರಿ. ಆಮೇಲೆ ‘ದೋಣಿಯಲ್ಲಿ ಏನೇನು ಮಾಡಬಹುದು, ಎಲ್ಲ ಹೇಳು’ ಎನ್ನಿ. ಅದಕ್ಕೂ ಆಗದಿದ್ದರೆ ‘ವಾಪಸ್ ಬರುವಾಗ ದೋಣಿ ಖಾಲಿಯೇ ಇರಬೇಕು ಅಂತ ಯಾರು ಹೇಳಿದ್ದು?’ ಎಂದು ಕೇಳಿ. ಚೀಟಿಗೆ ಮಾತ್ರ ಕೈ ಹಾಕಬೇಡಿ. ನೀವು ಒಂದು ನಡೆ ತೋರಿಸಿದರೆ ಮುಂದಿನದ್ದಕ್ಕೂ ಮಗು ನಿಮ್ಮ ಮುಖವನ್ನೇ ನೋಡುತ್ತದೆ.

ದೊಡ್ಡದನ್ನು ಚಿಕ್ಕದು ಮಾಡುವುದು

ಹನೋಯ್ ಗೋಪುರ ಎಂಬ ಆಟವನ್ನು ಫ್ರೆಂಚ್ ಗಣಿತಜ್ಞ ಎದುವಾರ್ ಲ್ಯೂಕಾ 1883ರಲ್ಲಿ ಪರಿಚಯಿಸಿದರು. ರಟ್ಟಿನಲ್ಲಿ 4, 6, 8, 10 ಸೆಂ.ಮೀ. ಅಗಲದ ಚೌಕಗಳನ್ನು ಕತ್ತರಿಸಿ, ಕಾಗದದ ಮೇಲೆ ಮೂರು ಜಾಗ ಗುರುತಿಸಿ. ಮೊದಲ ಜಾಗದಲ್ಲಿ ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಬರುವಂತೆ ಪೇರಿಸಿ. ಒಂದು ಸಲಕ್ಕೆ ಒಂದೇ ಚೌಕ ಎತ್ತಬೇಕು, ಚಿಕ್ಕದರ ಮೇಲೆ ದೊಡ್ಡದು ಕೂರಬಾರದು, ಇಡೀ ಗೋಪುರ ಮೂರನೇ ಜಾಗಕ್ಕೆ ಬರಬೇಕು. ನಾಲ್ಕರಿಂದ ಶುರು ಮಾಡಿದರೆ ಮಗು ಗುರಿಯಿಲ್ಲದೆ ಅತ್ತಿತ್ತ ಸರಿಸುತ್ತಾ ಬೇಸರಪಡುತ್ತದೆ. ಎರಡು ಚೌಕದಿಂದ ಶುರು ಮಾಡಿ: 3 ನಡೆ. ಮೂರಕ್ಕೆ 7, ನಾಲ್ಕಕ್ಕೆ 15. ಸಿಕ್ಕಿಕೊಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ‘ಎಲ್ಲಕ್ಕಿಂತ ದೊಡ್ಡದು ಹೊರಡಬೇಕಾದರೆ ಉಳಿದವೆಲ್ಲ ಎಲ್ಲಿರಬೇಕು?’

ಸುಡೊಕು (ಅಡ್ಡಸಾಲು, ಕಂಬಸಾಲು, ಒಳಗಿನ ಪುಟ್ಟ ಚೌಕ ಯಾವುದರಲ್ಲೂ ಅಂಕಿ ಮರುಕಳಿಸದಂತೆ ಮನೆ ತುಂಬುವ ಆಟ) ಆಡಿಸುವುದಾದರೆ 1ರಿಂದ 4ರ ಅಂಕಿಗಳ 4×4 ಸಾಕು. ಪ್ರತಿ ಅಂಕಿ ಬರೆಯುವ ಮುಂಚೆ ಕಾರಣ ಬಾಯಿಬಿಟ್ಟು ಹೇಳಿಸಿ. ಊಹಿಸಿ ಬರೆದ ಅಂಕಿಯ ತಪ್ಪು ಎಷ್ಟೋ ಮನೆ ತುಂಬಿದ ಮೇಲೆ ಗೊತ್ತಾಗುತ್ತದೆ, ಆಗ ಎಲ್ಲಿ ಎಡವಿದೆ ಎಂದು ಹುಡುಕುವುದು ಕಷ್ಟ.

ಕೊನೆಯಿಂದ ಮೊದಲಿಗೆ

12 ಕಡ್ಡಿ ಇಡಿ. ಇಬ್ಬರೂ ಸರದಿಯಂತೆ 1, 2 ಅಥವಾ 3 ಎತ್ತಬೇಕು. ಕೊನೆಯ ಕಡ್ಡಿ ಎತ್ತಿದವರು ಗೆದ್ದಂತೆ. ಕೆಲವು ಆಟ ಸುಮ್ಮನೆ ಆಡಿ, ಮಗು ಗೆಲ್ಲಲಿ, ಸೋಲಲಿ. ಆಮೇಲೆ 4 ಕಡ್ಡಿ ಮಾತ್ರ ಇಟ್ಟು ‘ಈಗ ನಿನ್ನ ಸರದಿ’ ಎನ್ನಿ. ಎಷ್ಟು ಎತ್ತಿದರೂ ಸೋಲೇ ಎಂದು ಕಂಡುಬಂದ ಮೇಲೆ 5, 6, 7 ಇಟ್ಟು ‘ನನಗೆ 4 ಉಳಿಯುವ ಹಾಗೆ ಮಾಡು’ ಎನ್ನಿ. ಅಲ್ಲಿಂದ 8 ಕೂಡ ಸೋಲಿನ ಜಾಗ ಎಂಬುದನ್ನು ಮಗುವೇ ಕಾಣಲಿ. 12ರ ಆಟದಲ್ಲಿ ಎರಡನೆಯದಾಗಿ ಆಡುವವರು ತಪ್ಪದೆ ಗೆಲ್ಲಬಹುದು: ಎದುರಾಳಿ ಎತ್ತಿದ್ದಕ್ಕೆ ನಿಮ್ಮದು ಸೇರಿ ಪ್ರತಿ ಸುತ್ತಿನಲ್ಲೂ 4 ಆಗಬೇಕು.

ಇಲ್ಲಿ ಆಗುವ ದೊಡ್ಡ ತಪ್ಪು ‘ನಾಲ್ಕರ ಮಗ್ಗಿ’ ಎಂದು ಬಾಯಿಪಾಠ ಮಾಡಿಸುವುದು. ಮಗುವಿಗೆ ಅರ್ಥವಾಗಿದೆಯೇ ಎಂದು ನೋಡಲು ನಿಯಮ ಬದಲಿಸಿ: 1 ಅಥವಾ 2 ಮಾತ್ರ ಎತ್ತಬಹುದು. ಆಗಲೂ ಅದು 4ಕ್ಕೇ ಜೋತುಬಿದ್ದರೆ, 3 ಕಡ್ಡಿ ಮಾತ್ರ ಇಟ್ಟು ಮೊದಲಿನಿಂದ ಆಡಿಸಿ. ಅದೂ ಬಂದ ಮೇಲೆ ಮತ್ತೆ 3ರವರೆಗೆ ಎತ್ತಲು ಬಿಟ್ಟು, ಈ ಸಲ ಕೊನೆಯ ಕಡ್ಡಿ ಎತ್ತಿದವರು ಸೋತಂತೆ ಎನ್ನಿ. ಈಗ ಎದುರಾಳಿಗೆ ಉಳಿಸಬೇಕಾದದ್ದು 1, 5, 9. ಇದನ್ನು ಹೇಳಬೇಡಿ, ಒಂದೇ ಕಡ್ಡಿ ಇಟ್ಟು ಅಲ್ಲಿಂದ ಶುರು ಮಾಡಿಸಿ.