ವೋಲ್ಟ್ ಮತ್ತು ಆಂಪಿಯರ್‌ನಿಂದ ಓಮ್, ವ್ಯಾಟ್ ಕಂಡುಹಿಡಿಯುವುದು ಹೇಗೆ?

ಎಲೆಕ್ಟ್ರಾನಿಕ್ಸ್ ಕಲಿಯಲು ಹೊರಟವರ ಪಕ್ಕದಲ್ಲಿ ಕುಳಿತಾಗಲೆಲ್ಲ ಒಂದೇ ದೃಶ್ಯ ನೋಡುತ್ತೇನೆ. ಸೂತ್ರವನ್ನು ತಪ್ಪಿಲ್ಲದೆ ಬರೆಯುತ್ತಾರೆ, ಭಾಗಾಕಾರವನ್ನೂ ಸರಿಯಾಗಿಯೇ ಮಾಡುತ್ತಾರೆ. ಆದರೂ ಉತ್ತರ ಸಾವಿರ ಪಟ್ಟು ಆಚೀಚೆ ಆಗಿರುತ್ತದೆ, ಇಲ್ಲವೇ ಪ್ರವಾಹಕ್ಕೆ ಅಡ್ಡಿಯೊಡ್ಡುವ ಬಿಡಿಭಾಗವಾದ ರೆಸಿಸ್ಟರ್‌ನಿಂದ ಹೊಗೆ ಏಳುತ್ತದೆ. ಲೆಕ್ಕಕ್ಕೆ ಹಾಕಿದ ಅಂಕಿಗಳೇ ತಪ್ಪಾಗಿದ್ದರೆ ಸೂತ್ರ ಏನು ಮಾಡೀತು?

ಮೊದಲು ಸೂತ್ರ. ಜರ್ಮನಿಯ ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಿಂದ ಬಂದದ್ದು ಇದು: ರೋಧ (ಓಮ್) = ವೋಲ್ಟೇಜ್ (ವೋಲ್ಟ್) ÷ ಪ್ರವಾಹ (ಆಂಪಿಯರ್). ಸಾಮರ್ಥ್ಯಕ್ಕೆ ಗುಣಾಕಾರ: ಸಾಮರ್ಥ್ಯ (ಪವರ್, ವ್ಯಾಟ್‌ನಲ್ಲಿ) = ವೋಲ್ಟೇಜ್ × ಪ್ರವಾಹ. 12 ವೋಲ್ಟ್‌ನಲ್ಲಿ 2 ಆಂಪಿಯರ್ ಹರಿದರೆ ರೋಧ 6 ಓಮ್, ಸಾಮರ್ಥ್ಯ 24 ವ್ಯಾಟ್. ತ್ರಿಕೋನದೊಳಗೆ V (ವೋಲ್ಟೇಜ್), I (ಪ್ರವಾಹ), R (ರೋಧ) ಎಂದು ಬರೆದು, ಬೇಕಾದ ಅಕ್ಷರವನ್ನು ಬೆರಳಿನಿಂದ ಮುಚ್ಚಿ ಸೂತ್ರ ಓದುವ ಉಪಾಯವನ್ನು ಹಲವರು ಹೇಳಿಕೊಡುತ್ತಾರೆ. ದಯವಿಟ್ಟು ಅದನ್ನು ಬಿಡಿ. ಅದೇ ವೋಲ್ಟೇಜ್‌ಗೆ ಕಡಿಮೆ ಪ್ರವಾಹ ಹರಿದರೆ ಅಡ್ಡಿ ಹೆಚ್ಚಿದೆ ಎಂಬ ಅರ್ಥ ಮನಸ್ಸಿನಲ್ಲಿ ಕೂತರೆ ಭಾಗಿಸಬೇಕೋ ಗುಣಿಸಬೇಕೋ ಎಂಬ ಗೊಂದಲವೇ ಹುಟ್ಟುವುದಿಲ್ಲ.

ಎರಡನೆಯದು, ಮಾನ. ಮೀಟರ್ (ವೋಲ್ಟ್, ಆಂಪಿಯರ್, ಓಮ್ ಅಳೆಯುವ ಮಲ್ಟಿಮೀಟರ್) 20 ಮಿಲಿಆಂಪಿಯರ್ ತೋರಿಸಿದರೆ ಕಾಗದದ ಮೇಲೆ 0.02 ಆಂಪಿಯರ್ ಎಂದೇ ಬರೆಯಿರಿ. ಮಿಲಿ ಎಂದರೆ ಸಾವಿರದಲ್ಲೊಂದು ಭಾಗ. ವೋಲ್ಟನ್ನು ನೇರವಾಗಿ ಮಿಲಿಆಂಪಿಯರ್‌ನಿಂದ ಭಾಗಿಸಿದರೆ ಕಿಲೋಓಮ್ ಸಿಗುತ್ತದೆ, ಗುಣಿಸಿದರೆ ಮಿಲಿವ್ಯಾಟ್ ಸಿಗುತ್ತದೆ ಎಂಬ ಅಡ್ಡದಾರಿಯೂ ಉಂಟು, ಅದು ಸರಿಯಾದದ್ದೇ. ಆದರೆ ಕೈ ಪಳಗುವವರೆಗೆ ಅದರ ಸಹವಾಸ ಬೇಡ.

ಮೂರನೆಯದು, ಎಲ್ಲರೂ ಎಡವುವ ಜಾಗ: ಯಾವುದರ ವೋಲ್ಟೇಜ್? ಬ್ಯಾಟರಿಯ ಮೇಲೆ ಬರೆದಿರುವ ಅಂಕಿಯನ್ನು ಕಣ್ಣುಮುಚ್ಚಿ ಎತ್ತಿಕೊಳ್ಳುವುದೇ ನಾನು ಕಂಡ ಅತಿ ಸಾಮಾನ್ಯ ತಪ್ಪು. ಲೆಕ್ಕಕ್ಕೆ ಬೇಕಾದದ್ದು ನೀವು ರೋಧ ಕಂಡುಹಿಡಿಯುತ್ತಿರುವ ಆ ಒಂದು ಭಾಗದ ಎರಡು ತುದಿಗಳ ನಡುವಿನ ವೋಲ್ಟೇಜ್ ಮಾತ್ರ.

9 ವೋಲ್ಟ್ ಬ್ಯಾಟರಿಗೆ ಒಂದು ಕೆಂಪು ಎಲ್‌ಇಡಿ, ಅದರೊಂದಿಗೆ ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೊಂದಾಗಿ, ಒಂದು ರೆಸಿಸ್ಟರ್ ಇದೆ ಎನ್ನಿ. 20 ಮಿಲಿಆಂಪಿಯರ್ ಹರಿಯಬೇಕು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ. ರೆಸಿಸ್ಟರ್‌ಗೆ ಉಳಿಯುವುದು 7 ವೋಲ್ಟ್. ಹಾಗಾಗಿ 7 ÷ 0.02 = 350 ಓಮ್. ಒಂಬತ್ತನ್ನೇ ಹಿಡಿದು ಭಾಗಿಸಿದವರಿಗೆ 450 ಬರುತ್ತದೆ, ದೀಪ ಮಂಕಾಗುತ್ತದೆ. ಸಾಮರ್ಥ್ಯದಲ್ಲೂ ಹೀಗೆಯೇ: ರೆಸಿಸ್ಟರ್‌ನದು 7 × 0.02 = 0.14 ವ್ಯಾಟ್, ಎಲ್‌ಇಡಿಯದು 2 × 0.02 = 0.04 ವ್ಯಾಟ್. ಎರಡನ್ನೂ ಕೂಡಿಸಿದರೆ 0.18. ಬ್ಯಾಟರಿ ಕೊಡುತ್ತಿರುವುದೂ 9 × 0.02, ಅಂದರೆ 0.18 ವ್ಯಾಟ್. ಈ ಕೂಡಿಕೆ ತಾಳೆಯಾಗದಿದ್ದರೆ ಎಲ್ಲೋ ವೋಲ್ಟೇಜ್ ಅದಲುಬದಲಾಗಿದೆ ಎಂದು ತಿಳಿಯಿರಿ. ನಾನು ಈ ತಾಳೆ ನೋಡದೆ ಮುಂದೆ ಹೋಗುವುದಿಲ್ಲ.

ಅಳೆಯುವುದಾದರೆ ವೋಲ್ಟೇಜನ್ನು ಆ ಭಾಗಕ್ಕೆ ಸಮಾಂತರವಾಗಿ (ಅದರ ಎರಡು ತುದಿಗಳಿಗೆ ಮೀಟರ್ ಮುಟ್ಟಿಸಿ), ಪ್ರವಾಹವನ್ನು ಸರಣಿಯಲ್ಲಿ ಅಳೆಯಿರಿ, ಎರಡನ್ನೂ ಉಪಕರಣ ಕೆಲಸ ಮಾಡುತ್ತಿರುವಾಗಲೇ ಅಳೆಯಿರಿ. ಹೊರೆ ಬಿದ್ದೊಡನೆ ಬ್ಯಾಟರಿಯ ವೋಲ್ಟೇಜ್ ತುಸು ಇಳಿಯುತ್ತದೆ, ಸುಮ್ಮನಿದ್ದಾಗಿನ ವೋಲ್ಟೇಜ್‌ಗೂ ಓಡುವಾಗಿನ ಪ್ರವಾಹಕ್ಕೂ ಹೊಂದಿಕೆಯಾಗದು. ಪ್ರವಾಹ ಅಳೆದ ಮೇಲೆ ಮೀಟರಿನ ತಂತಿಯನ್ನು ಮರಳಿ ವೋಲ್ಟ್ ರಂಧ್ರಕ್ಕೆ ಹಾಕಲು ಮರೆತು, ಹಾಗೆಯೇ ಬ್ಯಾಟರಿಯ ತುದಿಗಳಿಗೆ ಮುಟ್ಟಿಸಿದರೆ ಅದು ಶಾರ್ಟ್ ಸರ್ಕ್ಯೂಟ್. ಅಗ್ಗದ ಹಲವು ಮಲ್ಟಿಮೀಟರ್‌ಗಳಲ್ಲಿ 10 ಆಂಪಿಯರ್ ರಂಧ್ರಕ್ಕೆ ಫ್ಯೂಸೇ ಇರುವುದಿಲ್ಲ. ಅಂಥದ್ದನ್ನು ಕೊಳ್ಳಲೇಬೇಡಿ. ಗೋಡೆಯ ಸಾಕೆಟ್‌ನ ವಿದ್ಯುತ್ತಿನ ಮೇಲಂತೂ ಈ ಪ್ರಯೋಗ ಬೇಡವೇ ಬೇಡ, ಉಪಕರಣದ ಮೇಲೆ ಅಚ್ಚಾದ ಅಂಕಿಗಳಿಂದ ಲೆಕ್ಕ ಮಾಡಿ.

230 ವೋಲ್ಟ್, 100 ವ್ಯಾಟ್ ಎಂದು ಬರೆದ ಹಳೆಯ ತಂತಿಯ ಬಲ್ಬನ್ನೇ ನೋಡಿ. ಪ್ರವಾಹ 100 ÷ 230, ಸುಮಾರು 0.435 ಆಂಪಿಯರ್. ರೋಧ ಸುಮಾರು 529 ಓಮ್. ಅದೇ ಬಲ್ಬನ್ನು ಹೋಲ್ಡರ್‌ನಿಂದ ಬಿಚ್ಚಿ ಮೀಟರಿಟ್ಟರೆ ಹೆಚ್ಚುಕಡಿಮೆ ಇದರ ಹತ್ತನೇ ಒಂದು ಭಾಗ ತೋರಿಸುತ್ತದೆ. ಮೀಟರ್ ಕೆಟ್ಟಿಲ್ಲ. ಟಂಗ್‌ಸ್ಟನ್ ತಂತಿ ಕಾದಂತೆ ಅದರ ರೋಧ ಏರುತ್ತದೆ, ನಿಮ್ಮ ಲೆಕ್ಕ ಉರಿಯುವ ಬಲ್ಬಿನದು. ಎಸಿಯಲ್ಲಿ (ಮನೆಗೆ ಬರುವ, ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತಿನಲ್ಲಿ) ಓಡುವ ಮೋಟಾರುಗಳಿಗೆ ಮಾತ್ರ ಈ ಸರಳ ಗುಣಾಕಾರ ಸಾಲದು, ಅಲ್ಲಿ ಪವರ್ ಫ್ಯಾಕ್ಟರ್ (ಆ ಗುಣಲಬ್ಧದಲ್ಲಿ ನಿಜವಾಗಿ ಬಳಕೆಯಾಗುವ ಪಾಲು) ಕೂಡ ಬೇಕು.

ನಾಲ್ಕನೆಯದು, ರೆಸಿಸ್ಟರ್ ಆಯ್ಕೆ. 350 ಓಮ್ ಸಿದ್ಧವಾಗಿ ಸಿಗದು, ಅದಕ್ಕಿಂತ ಮೇಲಿನ 390 ತೆಗೆದುಕೊಳ್ಳಿ. ವ್ಯಾಟ್ ವಿಷಯದಲ್ಲಿ ಜಿಪುಣತನ ಬೇಡ: ಲೆಕ್ಕದಲ್ಲಿ ಬಂದದ್ದಕ್ಕೆ ಕನಿಷ್ಠ ಎರಡರಷ್ಟು ತಾಳುವಂಥದ್ದಿರಲಿ. 0.14ಕ್ಕೆ ಕಾಲು ವ್ಯಾಟಿನದು ಸಾಕು ಎನ್ನುವವರಿದ್ದಾರೆ, ನಾನು ಅರ್ಧ ವ್ಯಾಟಿನದನ್ನೇ ಹಾಕುತ್ತೇನೆ. 100 ಓಮ್‌ನ ಕಾಲು ವ್ಯಾಟ್ ರೆಸಿಸ್ಟರನ್ನು ನೇರ 12 ವೋಲ್ಟ್‌ಗೆ ಜೋಡಿಸಿದರೆ 0.12 ಆಂಪಿಯರ್ ಹರಿದು 1.44 ವ್ಯಾಟ್ ಶಾಖ ಹುಟ್ಟುತ್ತದೆ, ತಾಳುವುದಕ್ಕಿಂತ ಸುಮಾರು ಆರು ಪಟ್ಟು. ಅದನ್ನೇ 24 ವೋಲ್ಟ್‌ಗೆ ಹಾಕಿದರೆ ಶಾಖ ಎರಡರಷ್ಟಲ್ಲ, ನಾಲ್ಕರಷ್ಟು: 5.76 ವ್ಯಾಟ್. ವೋಲ್ಟೇಜ್ ಇಮ್ಮಡಿಯಾದಾಗ ಪ್ರವಾಹವೂ ಇಮ್ಮಡಿಯಾಗುತ್ತದೆ ಎಂಬುದನ್ನು ಮರೆತವರ ಬೆರಳು ಸುಡುವುದು ಇಲ್ಲಿಯೇ.

ಕೊನೆಗೆ ಪರೀಕ್ಷೆ. ಸರ್ಕ್ಯೂಟ್ ಕತ್ತರಿಸಿ ಮೀಟರ್ ಸೇರಿಸುವ ತಾಪತ್ರಯವೇ ಬೇಡ. ಎಲ್‌ಇಡಿ ಉರಿಯುತ್ತಿರುವಾಗ ರೆಸಿಸ್ಟರ್‌ನ ಎರಡು ತುದಿಗಳ ವೋಲ್ಟೇಜ್ ಓದಿ, ಅದನ್ನು 390ರಿಂದ ಭಾಗಿಸಿ. 7 ವೋಲ್ಟ್ ಕಂಡರೆ ಪ್ರವಾಹ ಸುಮಾರು 0.018 ಆಂಪಿಯರ್, ಅಂದರೆ 18 ಮಿಲಿಆಂಪಿಯರ್.