ಬಿಸಿಲಿಗೆ ಕಪ್ಪಾಗುವ ಕನ್ನಡಕ ಮತ್ತು ಕಲೆಗೂಡಿನ ಲಾಟು

ಹೊಸ ಕನ್ನಡಕ ಹಾಕಿದ ಮೊದಲ ವಾರವೇ ರೇಷ್ಮೆಗೂಡಿನ ಹರಾಜಿನಲ್ಲಿ, ಕಲೆಬಿದ್ದ ಗೂಡುಗಳಿದ್ದ ಲಾಟಿಗೆ (ರೈತ ಮಾರಾಟಕ್ಕೆ ತಂದ ಗೂಡಿನ ರಾಶಿಗೆ) ಒಳ್ಳೇ ಗೂಡಿನ ರೇಟು ಒತ್ತಿ ಬಂದೆ. ಶಿಡ್ಲಘಟ್ಟದಲ್ಲಿ ನನ್ನದು ಗೂಡಿನಿಂದ ನೂಲು ತೆಗೆಯುವ ಸಣ್ಣ ರೀಲಿಂಗ್ ಘಟಕ. ಗೂಡನ್ನು ಕಣ್ಣಲ್ಲಿ ಅಳೆದು ಬೆಲೆ ಕಟ್ಟುವುದೇ ಕಸುಬು. ಅವತ್ತು ಬಿಸಿಲಲ್ಲಿ ಬೈಕಲ್ಲಿ ಬಂದವನು ಸೀದಾ ಮಾರ್ಕೆಟ್ ಒಳಗೆ ನುಗ್ಗಿ, ಬೈವೋಲ್ಟೈನ್ ಎಂಬ ಬಿಳಿ ತಳಿಯ ಗೂಡನ್ನು ಕೈಯಲ್ಲಿ ಹಿಡಿದು ನೋಡಿದೆ. ಬಿಳಿ ಗೂಡೂ ಮಂಕು, ಅದರ ಮೇಲಿನ ಕಲೆಯೂ ಮಂಕು. ಎರಡೂ ಒಂದಾಗಿ ಕಂಡವು. ಮನೆಗೆ ತಂದು ಸುರಿದಾಗ ಹೆಂಡತಿ ಕೇಳಿದಳು: "ಏನ್ರೀ, ಕಣ್ಣು ಮುಚ್ಕೊಂಡು ತಂದ್ರಾ?"

ಹೆಚ್ಚುಕಮ್ಮಿ ಹಾಗೇ ಆಗಿತ್ತು. ಈ ಲೆನ್ಸ್ ಬಿಸಿಲಿಗೆ ಹೋದರೆ ಅರ್ಧ ನಿಮಿಷದಲ್ಲೇ ಚೆನ್ನಾಗಿ ಕಪ್ಪಾಗುತ್ತದೆ, ವಾಪಸ್ ತಿಳಿಯಾಗಲು ಮಾತ್ರ ಅವಸರವಿಲ್ಲ. ನನ್ನದು ನೆರಳಿಗೆ ಬಂದ ಎರಡು ಮೂರು ನಿಮಿಷಕ್ಕೆ ಅರ್ಧ ತಿಳಿಯಾಗುತ್ತದೆ, ಪೂರ್ತಿ ಆಗಲು ಹತ್ತು ನಿಮಿಷ ಹಿಡಿಯುತ್ತದೆ. ಅಂಗಡಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಎರಡನೇ ಜಗಳ ಕಾರಿನದು. ಭಾವನ ಕಾರಿನಲ್ಲಿ ಮಟಮಟ ಮಧ್ಯಾಹ್ನ ಬೆಂಗಳೂರಿಗೆ ಹೊರಟೆವು, ಲೆನ್ಸ್ ಕಪ್ಪೇ ಆಗಲಿಲ್ಲ. ಮೋಸ ಹೋದೆ ಅಂದುಕೊಂಡು ಮಾರನೇ ದಿನ ಅಂಗಡಿಗೆ ಹೋಗಿ ಕೂಗಾಡಿದೆ. ಅಂಗಡಿಯ ಹುಡುಗ ಮಾತಾಡದೆ ನೋಟು ಪರೀಕ್ಷೆ ಮಾಡುವಂಥ ನೇರಳೆ ಟಾರ್ಚ್ ತೆಗೆದು ಲೆನ್ಸಿನ ಮೇಲೆ ಬಿಟ್ಟ. ಅಷ್ಟಗಲ ಮಾತ್ರ ಶಾಯಿ ಚೆಲ್ಲಿದ ಹಾಗೆ ಕಪ್ಪಾಯಿತು. ಲೆನ್ಸಿಗೆ ಬೆಳಕಿನ ಲೆಕ್ಕವಲ್ಲ, ಅತಿನೇರಳೆ ಕಿರಣದ ಲೆಕ್ಕ. ಕಾರಿನ ಮುಂದಿನ ಗಾಜು ಅದನ್ನು ಹೆಚ್ಚೂಕಮ್ಮಿ ಪೂರ್ತಿ ತಡೆಯುತ್ತದೆ. ಹೆಲ್ಮೆಟ್ಟಿನ ವೈಸರ್ ಇಳಿಸಿದರೂ ಅದೇ ಕಥೆ. ಮೋಡ ಮುಸುಕಿದ ದಿನ ಮಾತ್ರ ಬಿಸಿಲೇ ಇಲ್ಲದೆ ಕಪ್ಪಾಗಿ ಕೂರುತ್ತದೆ, ಆ ಕಿರಣ ಮೋಡ ದಾಟಿ ಬರುತ್ತದಲ್ಲ.

ನಂಬಿಕೆ ಬರದೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆ. ಹೆಂಡತಿಯ ಸ್ಟಿಕ್ಕರ್ ಬೊಟ್ಟೊಂದನ್ನು ಲೆನ್ಸಿನ ಹೊರಮೈಗೆ ಅಂಟಿಸಿ ಐದು ನಿಮಿಷ ಬಿಸಿಲಲ್ಲಿಟ್ಟೆ. ಕಿತ್ತು ನೋಡಿದರೆ ಕಪ್ಪು ಗಾಜಿನ ನಡುವೆ ಹುಣ್ಣಿಮೆ ಚಂದ್ರನಂತೆ ಬಿಳಿ ಚುಕ್ಕೆ. ನೋಡುತ್ತಿದ್ದಂತೆ ಅದೂ ಕರಗಿ ಕಪ್ಪಾಯಿತು.

ನಮ್ಮಪ್ಪನ ಕಾಲದ 'ಫೋಟೋ ಗ್ರೇ' ನಿಜವಾದ ಗಾಜಿನದು, ಮೂಗಿನ ಮೇಲೆ ಗುಂಡಿ ಬೀಳುವಷ್ಟು ಭಾರ. 1960ರ ದಶಕದಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಸ್ಟೂಕಿ ಮತ್ತು ಆರ್ಮಿಸ್ಟೆಡ್ ಅದನ್ನು ಕಂಡುಹಿಡಿದರು. ಗಾಜಿನೊಳಗೆ ಬೆಳ್ಳಿ ಲವಣದ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿರುತ್ತವೆ. ಕಿರಣ ಬಿದ್ದಾಗ ಅವುಗಳಲ್ಲಿ ಬೆಳ್ಳಿ ಬಿಡಿಯಾಗಿ ಗಾಜು ಕಪ್ಪಾಗುತ್ತದೆ, ನೆರಳಲ್ಲಿ ಮತ್ತೆ ಲವಣವಾಗುತ್ತದೆ. ಈಗಿನ ಪ್ಲಾಸ್ಟಿಕ್ ಲೆನ್ಸಿನಲ್ಲಿ ಬೆಳ್ಳಿಯಿಲ್ಲ, ಬಣ್ಣದ ಅಣುಗಳಿವೆ. ಮಡಚಿಕೊಂಡಿರುವ ಅಣು ಅತಿನೇರಳೆಗೆ ಬಿಚ್ಚಿಕೊಂಡು ಬೆಳಕನ್ನು ಹೀರುತ್ತದೆ. ಕಿರಣ ನಿಂತರೆ ಸುತ್ತಲಿನ ಶಾಖ ಅದನ್ನು ಮತ್ತೆ ಮಡಚುತ್ತದೆ.

ಆ ಶಾಖದ ಮಾತೇ ನನಗೆ ಹಿಡಿಸಿದ್ದು. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಒಂಬತ್ತಕ್ಕೆ ನಂದಿ ಬೆಟ್ಟದ ಮೇಲಿದ್ದೆವು. 1,478 ಮೀಟರ್ ಎತ್ತರ, ಕೈ ಮರಗಟ್ಟುವ ಗಾಳಿ. ಅವತ್ತು ನನ್ನ ಲೆನ್ಸ್ ಹೇಗೆ ಕಪ್ಪಾಯಿತೆಂದರೆ ಮಗ "ಅಪ್ಪಾ, ವಿಲನ್ ಥರ ಕಾಣ್ತಿದೀಯ" ಅಂದ. ಅದೇ ಕನ್ನಡಕ ಏಪ್ರಿಲ್‌ನ ಶಿಡ್ಲಘಟ್ಟದ ಸುಡುಬಿಸಿಲಲ್ಲಿ ಬರೀ ಬೂದಿ ಬಣ್ಣ. ಸೆಕೆಗೆ ಅಣುಗಳು ಬಿಚ್ಚಿದ ಹಾಗೆಯೇ ಮಡಚಿಕೊಳ್ಳುತ್ತಿರುತ್ತವೆ. ಅಂದರೆ ನಮಗೆ ಕಪ್ಪು ಬೇಕಾದ ದಿನವೇ ಅದು ಕಮ್ಮಿ! ಕೂಲಿಂಗ್ ಗ್ಲಾಸಿನಷ್ಟು ಕಪ್ಪು ಬಯಸುವವರು ಇದಕ್ಕೆ ದುಡ್ಡು ಹಾಕಬೇಡಿ.

ಕಣ್ಣಿಗೆ ಅತಿನೇರಳೆ ತಾಗದಂತೆ ಇದು ತಡೆಯುತ್ತದೆ, ಪವರ್ ಕನ್ನಡಕ ಕಳಚಿ ಇನ್ನೊಂದು ಹಾಕುವ ರಗಳೆ ಇಲ್ಲ. ಆ ಮಟ್ಟಿಗೆ ಸುಖವೇ. ಎರಡು ಮೂರು ವರ್ಷಕ್ಕೆ ಅಣುಗಳು ದಣಿಯುತ್ತವೆ, ನೆರಳಲ್ಲೂ ತೆಳು ಹಳದಿ ಉಳಿಯುತ್ತದೆ. ಗೀರು ಬಿತ್ತೆಂದು ಒಂದೇ ಲೆನ್ಸ್ ಬದಲಿಸಿದರೆ ಒಂದು ಕಣ್ಣು ಕಪ್ಪು, ಒಂದು ಬೂದಿ. ಜೋಡಿಯಾಗಿಯೇ ಹಾಕಿಸಬೇಕು.

ಈಗ ಮಾರ್ಕೆಟ್ಟಿಗೆ ಹೋಗುವಾಗ ಹಳೇ ಸಾದಾ ಕನ್ನಡಕ ಜೇಬಲ್ಲಿರುತ್ತದೆ. ಮರೆತ ದಿನ ಬಾಗಿಲ ಒಳಗೆ ನಿಂತು ಟೀ ಕುಡಿಯುತ್ತೇನೆ. ಮೊನ್ನೆ ಗೂಡು ತಂದಿದ್ದ ರೈತರೊಬ್ಬರು ಕೂಗಿದರು: "ಏನಣ್ಣ, ನಮ್ಮ ಲಾಟು ನೋಡಲ್ವಾ?"

"ಐದು ನಿಮಿಷ ತಡಿ ಗೌಡ್ರೇ, ಕಣ್ಣು ಇನ್ನೂ ಬಿಸಿಲಲ್ಲೈತೆ."